ಕುರಿಗೆ ಮೆಣಸಿನ ಸಾರು

ತುಪ್ಪದಲ್ಲಿ ಕರಿಮೆಣಸು ಚಟಪಟ ಅನ್ನುವ ವಾಸನೆ ಬಂದರೆ ನಾಗೇಂದ್ರಪ್ಪ ಮೂವತ್ತು ವರ್ಷದ ಗಂಡಸಾಗಿ ಉಳಿಯುತ್ತಿರಲಿಲ್ಲ. ಕಂಬಳಿ ಹೊದ್ದು ಒಲೆಯ ಮುಂದೆ ಕೂತ ಐದು ವರ್ಷದ ಮಗುವಾಗಿಬಿಡುತ್ತಿದ್ದ. ನೆಗಡಿಯಾದಾಗಲೆಲ್ಲ ಅವನ ಅವ್ವ ಮೆಣಸಿನ ಸಾರು ಕಾಸಿ, ಊದಿ ಊದಿ ಕುಡಿಸುತ್ತಿದ್ದಳು. ಆ ಸಾರೇ ಈಗ ಅವನನ್ನು ಪೇಚಿಗೆ ಸಿಕ್ಕಿಸಿತು.

ಅವನು ಅಮಲ್ದಾರರ ಕಚೇರಿಯಲ್ಲಿ ಆರು ವರ್ಷದಿಂದ ಹಂಗಾಮಿ ಗುಮಾಸ್ತ. ‘ಮೊದಲ ಮಳೆ ಬಿದ್ದ ಮೇಲೆ ಕುರಿಗಳು ಹೊಟ್ಟೆ ಉಬ್ಬಿ ಸಾಯುವುದೇಕೆ, ಹಳ್ಳಿಯವರು ಏನು ಮಾಡುತ್ತಾರೆ, ವಿಚಾರಿಸಿ ತಿಳಿಸತಕ್ಕದ್ದು’ ಎಂದು ಮೇಲಿನಿಂದ ಹುಕುಂ ಬಂದಾಗ, ನಲವತ್ತು ಹಳ್ಳಿಗಳಿಗೆ ನಮೂನೆ ಕಳಿಸುವ ಕೆಲಸ ಇವನ ಪಾಲಿಗೆ ಬಿತ್ತು. ಹೇಗೆ ತುಂಬಬೇಕೆಂದು ತಿಳಿಯಲಿ ಎಂದು ಒಂದು ಮಾದರಿ ಉತ್ತರವನ್ನೂ ಬರೆದ. ಅವತ್ತು ಅವನಿಗೆ ಮೂಗು ಕಟ್ಟುವಷ್ಟು ನೆಗಡಿ. ‘ಚಿಕಿತ್ಸೆ’ ಎಂಬ ಜಾಗದಲ್ಲಿ ಏನಾದರೊಂದು ಇರಬೇಕಲ್ಲ, ಮನಸ್ಸಿನಲ್ಲಿದ್ದದ್ದೇ ಕೈಗೆ ಬಂತು: ‘ಮೆಣಸಿನ ಸಾರು, ದಿನಕ್ಕೆ ಎರಡು ಹೊತ್ತು.’ ಕಾಗದ ಉಳಿಸಲು ಹಳೆಯ ಕಾಗದದ ಹಿಂಬದಿಯಲ್ಲಿ ಕರಡು ಬರೆಯುವುದು ಆ ಕಚೇರಿಯ ರೂಢಿ. ಹಾಗೇ ಬರೆದು, ನಲವತ್ತು ಪ್ರತಿ ತೆಗೆದು, ಹಳ್ಳಿಗಳಿಗೆ ರವಾನಿಸಿದ.

ನಲವತ್ತು ಉತ್ತರಗಳೂ ಬಂದವು. ಓದುವ ಗೋಜಿಗೆ ಹೋಗದೆ ಕರಡಿನ ಜೊತೆಗೇ ದಾರ ಕಟ್ಟಿ ಅಮಲ್ದಾರರ ಮೇಜಿನ ಮೇಲಿಟ್ಟ.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ ಅಮಲ್ದಾರರು ಬಿ.ಜಿ. ಕೆರೆಯಲ್ಲಿ ಮುಕ್ಕಾಂ ಮಾಡಿದ್ದ ದಿನ, ಬೆಳಿಗ್ಗೆಯೇ ಅವನಿಗೆ ಕರೆ ಬಂತು.

“ಭೇಷ್ ಕಣಯ್ಯಾ! ನಲವತ್ತು ಹಳ್ಳಿ, ಒಂದೇ ಮಾತು! ಎಲ್ರೂ ಕುರಿಗೆ ಮೆಣಸಿನ ಸಾರು ಕುಡಿಸ್ತಾರಂತೆ. ಇಂಥಾ ಗಟ್ಟಿ ಸಾಕ್ಷ್ಯ ಯಾರು ತಾನೆ ಕೊಟ್ಟಾರು? ಮಧ್ಯಾಹ್ನ ದನದ ಡಾಕ್ಟರ್ ಸಾಹೇಬ್ರು ಬರ್ತಾರೆ. ಈ ಔಷಧ ಮಾಡೋ ಒಬ್ಬರನ್ನ ಕರ್ಕೊಂಡು ಬಾ. ಸಾಹೇಬ್ರು ಮೆಚ್ಚಿದ್ರೆ ನಿನ್ನ ಕೆಲಸ ಖಾಯಂ. ಶಿಫಾರಸ್ಸು ಬರೆದಿಟ್ಟಿದೀನಿ ನೋಡು, ರುಜು ಒಂದು ಬಾಕಿ.”

ನಾಗೇಂದ್ರಪ್ಪನ ಮುಖ ಉಣ್ಣೆ ಕತ್ತರಿಸಿದ ಕುರಿಯಷ್ಟು ಬೋಳಾಯಿತು. ಆದರೂ ಧೈರ್ಯಗೆಡುವ ಜೀವವಲ್ಲ ಅದು. ನಲವತ್ತು ಹಳ್ಳಿಯಲ್ಲಿ ಒಬ್ಬನಾದರೂ ನಿಜವಾಗಿ ಸಾರು ಕುಡಿಸಿರಬಾರದೇ? ನೇರ ಪಟೇಲ ಶಿವಮೂರ್ತಪ್ಪನ ಮನೆಗೆ ಹೋದ.

“ಪಟೇಲ್ರೇ, ನಿಮ್ಮೂರಾಗೆ ಕುರಿಗೆ ಮೆಣಸಿನ ಸಾರು ಕುಡಿಸೋರು ಯಾರು?”

“ನಮಗೇ ಸಿಗಾಕಿಲ್ಲ ಮೆಣಸು, ಕುರಿಗೆಲ್ಲಿ ತರಾನ?”

“ಮತ್ತೆ ಹಂಗಂತ ಬರೆದಿದ್ದೀರಿ!”

“ನೀವೇ ಬರೆದು ಕಳಿಸಿದ್ರಲ್ಲ ಸ್ವಾಮಿ! ಕಚೇರಿಯೋರು ಬರೆದದ್ದನ್ನ ತಪ್ಪು ಅನ್ನಾಕೆ ನಾವ್ಯಾರು? ಪಕ್ಕದೂರೋರು ಬೇರೆ ಬರೆಯೋಣ ಅಂದ್ರು. ಅವರನ್ನೂ ನಾನೇ ಗದರಿಸಿ ದಾರಿಗೆ ತಂದೆ.” ಪಟೇಲ ಮೀಸೆ ನೀವಿಕೊಂಡ. “ಸಾಹೇಬ್ರಿಗೆ ತೋರಿಸಬೇಕಾ? ಯೋಚ್ನೆ ಬಿಡ್ರಿ. ನಾನಿಲ್ವಾ?”

ಈ ‘ನಾನಿಲ್ವಾ’ ಕೇಳಿ ನಾಗೇಂದ್ರಪ್ಪನಿಗೆ ಇನ್ನೂ ಭಯವಾಯಿತು. ಊರಾಚೆಯ ಕುರಿಹಟ್ಟಿಗೆ ಓಡಿದ.

ಅಲ್ಲಿ ಮುದುಕಿ ಬೋರಕ್ಕ ಉಣ್ಣೆ ನೂಲುತ್ತಿದ್ದಳು. ಬೆವರಿ ಬಂದವನನ್ನು ನೋಡಿ ತಾನು ಬಿಸಿಲಿಗೆ ಸರಿದು, ನೆರಳಿದ್ದ ಕಡೆ ಕಂಬಳಿ ಎಳೆದು ಕೊಟ್ಟಳು. ಸಂಗತಿ ಕೇಳಿ ನಕ್ಕೂ ನಕ್ಕೂ ಅವಳ ಕದಿರು ಕೈಜಾರಿತು.

“ಸಾರಾ? ಕುರಿಗಾ? ಮುದ್ದೆ ಬ್ಯಾಡ್ವಂತೇನಪ್ಪ?”

“ನಗಬ್ಯಾಡಬೇ ಅವ್ವಾ, ನನ್ನ ಕೆಲಸ ಹೋಗೋ ಹೊತ್ತು. ನಿಜ ಏನು ಹೇಳು.”

“ಕೊಯ್ದ ಜೋಳದ ಕೂಳೆ ಐತಲ್ಲ, ಒಂದು ಮಳೆ ಬಿದ್ದು ಆಮ್ಯಾಲೆ ಬಿಸಿಲು ಕಾದ್ರೆ ಅದ್ರ ಚಿಗುರು ವಿಷ ಆಗ್ತೈತೆ. ಹಸಿದ ಕುರಿ ತಿಂದ್ರೆ ಅಲ್ಲೇ ಮಗುಚ್ತೈತೆ. ಔಷಧ ಮಾಡಾಕೆ ಹೊತ್ತೇ ಇರಾಕಿಲ್ಲ. ಆ ಹೊಲಕ್ಕೆ ಬಿಡಬಾರದು, ಅಷ್ಟೇಯ. ಹಿಂದೊಂದು ಸಲ ಪೇಟದ ಅಯ್ನೋರೊಬ್ರು ಕೇಳಿ ಬರ್ಕೊಂಡು ಹೋಗಿದ್ರು. ಮರೆತಿರಬೇಕು, ಪಾಪ.”

ನಾಗೇಂದ್ರಪ್ಪನಿಗೆ ಜೀವ ಬಂತು. ಸುಳ್ಳು ನಲವತ್ತಿರಲಿ, ನಿಜ ಒಂದು ಸಿಕ್ಕಿತಲ್ಲ! ಬೋರಕ್ಕನನ್ನು ಜೊತೆಗೆ ಕರೆದುಕೊಂಡು, ಆಗಲೇ ಖಾಯಂ ಆದವನ ನಡಿಗೆಯಲ್ಲಿ ಮುಕ್ಕಾಮಿಗೆ ಬಂದ.

ಅಷ್ಟರಲ್ಲಿ ಅಲ್ಲಿ ಅನಾಹುತ ಶುರುವಾಗಿತ್ತು. ಸಾಹೇಬರು ಕುರ್ಚಿಯಲ್ಲಿ, ಅಮಲ್ದಾರರು ಪಕ್ಕದಲ್ಲಿ. ಎದುರಿಗೆ ಶಿವಮೂರ್ತಪ್ಪ ಒಂದು ಗಡಿಗೆ ಮೆಣಸಿನ ಸಾರು ಇಟ್ಟುಕೊಂಡು, ಮದುಮಗನಂಥ ಒಂದು ಟಗರಿನ ಬಾಯಿ ಬಿಡಿಸುತ್ತಿದ್ದ.

“ನಮ್ಮ ಕುರಿಗಳು ಕೇಳಿ ಕೇಳಿ ಕುಡಿತಾವೆ ಸ್ವಾಮಿ!”

ಒಂದು ಸೌಟು ಗಂಟಲಿಗಿಳಿಯಿತು. ಟಗರು ಒಂದು ಕ್ಷಣ ಯೋಚಿಸಿತು. ಆಮೇಲೆ ಹಳೇ ಶಿರಸ್ತೇದಾರನಂತೆ ಸೀನಿತು. ಎರಡನೇ ಸೀನಿಗೆ ಪಟೇಲನ ಕೈ ಬಿಡಿಸಿಕೊಂಡು, ಮೂರನೆಯದಕ್ಕೆ ಅಮಲ್ದಾರರ ಮೇಜಿಗೆ ಗುದ್ದಿತು. ಮಸಿಕುಡಿಕೆ ಉರುಳಿತು, ಕಡತ ಬಿಚ್ಚಿತು, ನಲವತ್ತು ಹಳ್ಳಿಯ ಸಾಕ್ಷ್ಯವೂ ಕಚೇರಿಯ ಕರಡೂ ಗಾಳಿಗೆ ಹಾರಿ ಜಾಲಿಮುಳ್ಳಿಗೆ ಸಿಕ್ಕಿಕೊಂಡವು.

ನಾಗೇಂದ್ರಪ್ಪ ಮುಂದೆ ಬಂದು ಕೈಮುಗಿದ. “ಸ್ವಾಮಿ, ತಪ್ಪು ನಂದು. ಆ ಸಾರು ಕುರೀದಲ್ಲ, ನನ್ನ ನೆಗಡೀದು. ಮಾದರಿಗೆ ಅಂತ ಬರೆದೆ, ಎಲ್ರೂ ಅದನ್ನೇ ನಕಲು ಮಾಡಿದ್ರು. ನಿಜ ಗೊತ್ತಿರೋದು ಈ ಬೋರಕ್ಕಂಗೆ.” ಎಂದು ಅವಳು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದ.

ಸಾಹೇಬರ ಮುಖ ಅರಳಿತು. “ನಲವತ್ತು ಕಾಗದಕ್ಕಿಂತ ಈ ಒಂದು ಮಾತು ಹೆಚ್ಚು. ತಪ್ಪು ಒಪ್ಪಿಕೊಳ್ಳೋ ಗುಮಾಸ್ತ ಸಿಗೋದು ಅಪರೂಪ ರೀ, ಅಮಲ್ದಾರ್ರೇ.”

ಅಮಲ್ದಾರರು ಶಿಫಾರಸ್ಸಿನ ಕಾಗದವನ್ನು ಹತ್ತಿರಕ್ಕೆಳೆದು, ಉರುಳಿದ ಕುಡಿಕೆಯಲ್ಲಿ ಉಳಿದಿದ್ದ ಮಸಿಗೆ ಲೇಖನಿ ಅದ್ದಿದರು.

“ಅಯ್ಯೋ, ಅವರೇ ಕಣಪ್ಪ ಅವತ್ತು ಕೇಳಿದ ಪೇಟದ ಅಯ್ನೋರು!” ಎಂದಳು ಬೋರಕ್ಕ, ಸಾಹೇಬರತ್ತ ಬೆರಳು ತೋರಿಸಿ.

“ಹೌದಮ್ಮ, ನಾನೇ. ಅದನ್ನ ಆಗಲೇ ಬರೆದು ಎಲ್ಲ ಕಚೇರಿಗೂ ಕಳಿಸಿದ್ದೆ, ಹಳ್ಳಿ ಹಳ್ಳಿಗೂ ತಿಳಿಸಿ ಅಂತ. ತಿಳಿಸಿದಾರಾ ಇಲ್ವಾ ನೋಡೋಕೇ ಈಗ ಈ ಪ್ರಶ್ನೆ ಕೇಳಿದ್ದು.” ಮಾತಾಡುತ್ತಲೇ ಸಾಹೇಬರು ಮುಳ್ಳಿನಿಂದ ಒಂದು ಹಾಳೆ ಬಿಡಿಸಿಕೊಂಡರು. ಮೆಣಸಿನ ಸಾರಿನ ಮಾದರಿಯ ಕರಡು ಅದು. ಹಿಂದಕ್ಕೆ ತಿರುಗಿಸಿದವರು ಹಾಗೇ ನಿಂತರು.

ಹಿಂಬದಿಯಲ್ಲಿ ಅವರದೇ ಸುತ್ತೋಲೆ. ಜೋಳದ ಕೂಳೆ, ಮಳೆ, ಬಿಸಿಲು, ವಿಷ — ಬೋರಕ್ಕನ ಮಾತೆಲ್ಲ ಅಚ್ಚಾಗಿತ್ತು. ಕೆಳಗೆ ಆರು ವರ್ಷದ ಹಿಂದಿನ ತಾರೀಖು. ಹೊಸದಾಗಿ ಕೆಲಸಕ್ಕೆ ಸೇರಿದವನ ದುಂಡಗಿನ ಅಕ್ಷರ: ‘ಓದಿಕೊಂಡು ತಿಳಿಯಲಾಯಿತು. ನಾಗೇಂದ್ರಪ್ಪ.’

ಟಗರು ಇನ್ನೊಮ್ಮೆ ಸೀನಿತು.

ಅಮಲ್ದಾರರು ಶಿಫಾರಸ್ಸಿನ ಕಾಗದವನ್ನು ನಿಧಾನವಾಗಿ ಮಗುಚಿ ಹಾಕಿದರು. ಕಚೇರಿಯ ರೂಢಿಯಂತೆ ಅದರ ಹಿಂಬದಿಯಲ್ಲೇ ಹುಕುಂ ಬರೆದರು: ‘ಹಂಗಾಮಿ ಗುಮಾಸ್ತ ನಾಗೇಂದ್ರಪ್ಪನು ನಲವತ್ತು ಹಳ್ಳಿಗೂ ಕಾಲ್ನಡಿಗೆಯಲ್ಲಿ ಹೋಗಿ, ಸದರಿ ಸುತ್ತೋಲೆಯನ್ನು ಗಟ್ಟಿಯಾಗಿ ಓದಿ ಹೇಳತಕ್ಕದ್ದು.’

ಸಂಜೆ, ಮೊದಲನೆಯ ಊರಾದ ಸಿದ್ದಾಪುರದ ದಾರಿ ಹಿಡಿದು ಹಟ್ಟಿ ದಾಟುವಾಗ ನಾಗೇಂದ್ರಪ್ಪನಿಗೂ ಒಂದು ಸೀನು ಬಂತು. ಬೋರಕ್ಕ ಗುಡಿಸಲಿನಿಂದ ಹೊರಗೆ ಬಂದಳು. ಟಗರು ಒಲ್ಲೆನೆಂದ ಸಾರಿನ ಗಡಿಗೆಯನ್ನು ಮುಕ್ಕಾಮಿನಿಂದ ಹೊತ್ತು ತಂದು, ಆಗಲೇ ಒಲೆಯ ಮೇಲಿಟ್ಟು ಬಿಸಿ ಮಾಡಿದ್ದಳು. ಬಿಸಿ ಮುದ್ದೆಯ ಮೇಲೆ ಎರಡು ಸೌಟು ಹೊಯ್ದು, ಗಂಗಳವನ್ನು ಅವನ ಕೈಗಿಟ್ಟಳು.