ನನ್ನ ಬೆರಳಿಗೆ ಬಂದ ಮಾರಿಯಮ್ಮ

ಕುರಿಯ ರೋಗ ಕುರಿಗೆ, ಮನುಷ್ಯರ ರೋಗ ಮನುಷ್ಯರಿಗೆ. ಇದು ನನ್ನ ಶಾಸ್ತ್ರ. ಶಾಲೆಗೆ ಹೋದವರಿಗೂ ಇಷ್ಟು ಖಚಿತವಾಗಿ ಗೊತ್ತಿರುವುದಿಲ್ಲ!

ಪೆನ್ನಾಗರದ ಹತ್ತಿರದ ನಮ್ಮ ಹಳ್ಳಿಗೆ ಮಿನಿ ಬಸ್ ಬಂದ ವರ್ಷ. ಮುಂದಿನ ಬುಧವಾರ ಮೊಮ್ಮಗಳು ಲಕ್ಷ್ಮಿಯನ್ನು ನೋಡಲು ಮೆಟ್ಟೂರಿನ ಕಡೆಯ ಗಂಡಿನವರು ಬರುವವರಿದ್ದರು. ಒಳ್ಳೆಯ ಸಂಬಂಧ. ಹುಡುಗನ ಫೋಟೋ ಲಕ್ಷ್ಮಿಯ ದಿಂಬಿನ ಕೆಳಗೇ ಇತ್ತು. ಅದೇ ಹೊತ್ತಿಗೆ ನಮ್ಮ ಕುರಿಮರಿಯ ತುಟಿಯ ಮೇಲೆ ಹುಣ್ಣೆದ್ದಿತು. ನಾನು ಬೆರಳಿಗೆ ಅರಿಶಿನ, ಬೇವಿನೆಣ್ಣೆ ತೆಗೆದುಕೊಂಡು ಹಚ್ಚಲು ಕುಳಿತೆ.

"ಅತ್ತೆ, ಬರಿ ಕೈಲಿ ಮುಟ್ಟಬ್ಯಾಡಿ. ಅಂಟ್ಕಂತದೆ," ಎಂದಳು ಸೊಸೆ ರತ್ನ.

"ಕುರಿ ರೋಗ ಮನುಸ್ರಿಗೆ ಬತ್ತದೇನೇ? ಅಂಗಾದ್ರೆ ಇಷ್ಟೊತ್ಗೆ ನಂಗೆ ಬಾಲ ಬರ್ಬೇಕಿತ್ತು!"

ಮರಿ ಬೆರಳು ಕಚ್ಚಿತು.

ಕೆಲವೇ ದಿನದಲ್ಲಿ ಬೆರಳ ಮೇಲೆ ದ್ರಾಕ್ಷಿಯಂಥ ಬೊಕ್ಕೆ! ಸೊಸೆಯ ಮುಂದೆ ಸೋಲುವುದುಂಟೇ? "ಮಾರಿಯಮ್ಮ ಬಂದವ್ಳೆ!" ಎಂದು ಘೋಷಿಸಿದೆ. ಬಾಗಿಲಿಗೆ ಬೇವಿನ ಸೊಪ್ಪು ಏರಿತು. ಒಗ್ಗರಣೆ ನಿಂತಿತು. ಹೊರಗಿನವರು ಒಳಗೆ ಬರುವಂತಿಲ್ಲ. "ಆಡಿ ತಿಂಗಳ ನಿನ್ನ ಹಬ್ಬದವರೆಗೂ ಬಾಡು ಮುಟ್ಟಲ್ಲ ತಾಯಿ" ಎಂದು ಎಲ್ಲರ ಮುಂದೆ ಹರಕೆಯನ್ನೂ ಹೊತ್ತೆ. ಆಮೇಲೆ ಚಾಪೆಯ ಮೇಲೆ ಪವಡಿಸಿ, ಎಳನೀರು ಸ್ವೀಕರಿಸುತ್ತಾ ರಾಜ್ಯಭಾರ ಮಾಡಿದೆ. ಸುಖವಾಗಿತ್ತು!

ಬುಧವಾರ ಬಂತು. ಬಸ್ಸಿಳಿದ ಗಂಡಿನವರು ಬೇವಿನ ಸೊಪ್ಪು ಕಂಡು ಬೀದಿಯಲ್ಲೇ ನಿಂತರು. ಹಿಂದಕ್ಕೂ ತಿರುಗಿದರು. ಲಕ್ಷ್ಮಿಯ ಮುಖ ಬಾಡಿತು. ರತ್ನ ನನ್ನನ್ನು ನೋಡಿದ ನೋಟಕ್ಕೆ ಮಾರಿಯಮ್ಮನೇ ಎದ್ದು ಓಡಬೇಕು!

ಗಂಡಿನ ಅಜ್ಜಿ ಮಾತ್ರ ಬೀದಿಯಿಂದ ಕೂಗಿದಳು: "ಅಮ್ಮ ಯಾರ್ಗೆ ಬಂದಿರೋದು? ಮೈ ತುಂಬ ಮುತ್ತಿನಂಗೆ ಬೊಕ್ಕೆ ಎದ್ದೈತಾ?"

"ನಂಗೇ. ಒಂದೇ ಮುತ್ತು. ಬೆರಳ ಮ್ಯಾಲೆ."

"ಒಂದೇನಾ? ಇಷ್ಟು ಜಿಪುಣಿ ಅಮ್ಮನ್ನ ನಾ ಕಂಡೇ ಇಲ್ಲ!"

ದಡದಡನೆ ಒಳಗೆ ಬಂದು ನನ್ನ ಬೆರಳು ನೋಡಿದಳು. ಹಿತ್ತಲಿಗೆ ಹೋಗಿ ಮರಿಯ ತುಟಿ ನೋಡಿದಳು.

"ಅಮ್ಮನೂ ಇಲ್ಲ, ಅಪ್ಪನೂ ಇಲ್ಲ! ಕುರಿ ಬಾಯಿಂದ ಬಂದಿರೋ ಹುಣ್ಣು. ನಮ್ಮಟ್ಟೀಲೂ ಬತ್ತದೆ, ತಾನಾಗೇ ಓಯ್ತದೆ. ಸೊಪ್ಪು ಬಿಚ್ಚಮ್ಮಾ, ಹೆಣ್ಣು ತೋರ್ಸು!"

ಬೀದಿಗೆ ಬೀದಿಯೇ ನಕ್ಕಿತು. ಸಂಬಂಧ ಕುದುರಿತು. ಆ ಸಂತೋಷಕ್ಕೆ ಹುಣ್ಣಿಲ್ಲದ ಒಂದು ಕುರಿಯನ್ನು ನೋಡಿ ಕಡಿದರು. ಘಮಘಮ ಸಾರು! ನಾನೂ ಹೊಸ ಬೀಗಿತ್ತಿಯ ಪಕ್ಕದಲ್ಲಿ ಎಲೆ ಹಾಕಿಕೊಂಡು ಕುಳಿತೆ.

"ಅತ್ತೆ, ಅರಕೆ!" ಎಂದು ರತ್ನ ನನ್ನ ಎಲೆಗೆ ಮಜ್ಜಿಗೆ ಅನ್ನ ಬಡಿಸಿದಳು.

ಕುರಿಯಿಂದ ಎಲ್ಲರಿಗೂ ಸಾರು ಬಂತು. ನನಗೆ ಬಂದದ್ದು ಹುಣ್ಣು ಮಾತ್ರ!