ಸ್ಯಾನ್ ರಮೋನಿನಲ್ಲೊಬ್ಬ ರೈಲ್ವೆ ಗಾರ್ಡ್

ಅಮೆರಿಕದ ಸ್ಯಾನ್ ರಮೋನ್ ಎಂಬ ಊರನ್ನು ಆರು ತಿಂಗಳ ಕಾಲ ನಡೆಸಿದವನು ನಮ್ಮಣ್ಣ. ಈ ಸಂಗತಿ ಅಲ್ಲಿನ ಮೇಯರಿಗೆ ಗೊತ್ತಿಲ್ಲ, ಪೊಲೀಸರಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ಅವನ ವೀಸಾದ ಗತಿ ಏನಾಗುತ್ತಿತ್ತೋ. ಗೊತ್ತಿದ್ದದ್ದು ನನ್ನ ಮಗಳ ಮನೆಯಿದ್ದ, ಒಂದು ತುದಿ ಮುಚ್ಚಿದ ಆ ಸಣ್ಣ ರಸ್ತೆಯ ಹದಿನಾಲ್ಕು ಮನೆಯವರಿಗೆ ಮಾತ್ರ. ನಮ್ಮಣ್ಣ ಹಸಿರು ಬಾವುಟ ತೋರಿಸದೆ ಆ ಹದಿನಾಲ್ಕು ಮನೆಗಳ ಕಾರುಗಳು ಫ್ರೀವೇ ಎಂಬ ಹೆದ್ದಾರಿಯ ಕಡೆಗೆ ಹೊರಡುತ್ತಿರಲಿಲ್ಲ. ಉತ್ಪ್ರೇಕ್ಷೆ ಅನ್ನುತ್ತೀರಾ? ಸರಿ, ಹೊರಡುತ್ತಿದ್ದವು. ಆದರೆ ಅವನ ಪ್ರಕಾರ ಅದು ಅನಧಿಕೃತ.

ಅಣ್ಣ ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಅರಸೀಕೆರೆ, ಹಾಸನ, ಮೈಸೂರುಗಳ ನಡುವೆ ಗಾಡಿಯ ಕೊನೆಯ ಡಬ್ಬಿಯಲ್ಲಿ ಓಡಾಡುತ್ತಾ ಮದುವೆಯಾಗುವುದನ್ನೇ ಮರೆತುಬಿಟ್ಟ. ನೆನಪಿಸಿದರೆ, "ಕೊನೇ ಡಬ್ಬೀಲಿ ಎರಡನೇ ಸೀಟಿಲ್ಲ ಕಣೇ" ಎನ್ನುತ್ತಿದ್ದ. ನನಗಿಂತ ಹನ್ನೊಂದು ವರ್ಷ ದೊಡ್ಡವನು. ಹಟ ಹಿಡಿದು ನನ್ನನ್ನು ಮೈಸೂರಿನ ಕಾನ್ವೆಂಟಿಗೆ ಸೇರಿಸಿದವನೂ ಅವನೇ, ಆಮೇಲೆ ಜೀವಮಾನವಿಡೀ "ಕಾನ್ವೆಂಟಮ್ಮ" ಎಂದು ಆಡಿಕೊಂಡವನೂ ಅವನೇ. ಸಿಸ್ಟರುಗಳು ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಹೊಡೆದು ನನ್ನ ಅಕ್ಷರವನ್ನು ಮುತ್ತಿನಂತೆ ಮಾಡಿದ್ದರು. ಅಣ್ಣನ ಅಕ್ಷರವೋ, ಅಲುಗಾಡುವ ಡಬ್ಬಿಯಲ್ಲಿ ಬರೆದದ್ದು. ನಿಂತ ನೆಲದ ಮೇಲೆ ಕೂತು ಬರೆದರೂ ಅದು ಅಲುಗಾಡುತ್ತಲೇ ಇರುತ್ತಿತ್ತು.

ಮಗಳು ಐದು ತಿಂಗಳ ಬಸುರಿ. ಬೀಪಿ ಏರಿದೆ, ಪೂರ್ತಿ ಬೆಡ್ ರೆಸ್ಟು, ಯಾವ ಟೆನ್ಷನ್ನೂ ಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ನಾನು ಹೊರಟೆ. ಅಣ್ಣನನ್ನು ಒಬ್ಬನೇ ಬಿಟ್ಟುಬರುವಂತಿರಲಿಲ್ಲ. ರಿಟೈರಾದ ಮೇಲೂ ದಿನಾ ಸ್ಟೇಷನ್ನಿಗೆ ಹೋಗಿ ನಿಂತು, ಹೊಸ ಗಾರ್ಡುಗಳ ತಪ್ಪು ಹುಡುಕಿ ಅವರಿಂದ ಬೈಸಿಕೊಂಡು ಬರುತ್ತಿದ್ದ. ಹೀಗೆ ಇಬ್ಬರೂ ವಿಮಾನ ಹತ್ತಿದೆವು.

ಸ್ಯಾನ್ ರಮೋನ್ ನೋಡಲು ಚೆಂದ. ಒಣಹುಲ್ಲಿನ ಬಣ್ಣದ ಗುಡ್ಡಗಳು, ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳು, ಕರಾರುವಾಕ್ಕಾಗಿ ಆರು ಗಂಟೆಗೆ ಲಾನಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರುಗಳು. ಆರೂವರೆಗೆ ಗ್ಯಾರೇಜುಗಳ ಬಾಗಿಲು ತಾವಾಗಿಯೇ ಏಳತೊಡಗುತ್ತಿದ್ದವು. ಒಂದೊಂದಾಗಿ ಕಾರುಗಳು ಹಿಮ್ಮುಖವಾಗಿ ಹೊರಬಂದು, ಸೊಂಟ ತಿರುಗಿಸಿ, ಸಿಕ್ಸ್ ಎಯ್ಟಿ ಫ್ರೀವೇ ಕಡೆ ಓಡುತ್ತಿದ್ದವು. ಎಂಟು ಗಂಟೆಯ ನಂತರ ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಟಪಾಲಿನ ಗಾಡಿಯೊಂದು ಬಂದುಹೋದರೆ ಅದೇ ಆ ದಿನದ ಉತ್ಸವ. ಸಂಜೆ ಐದೂವರೆಯ ಮೇಲೆ ಎಲ್ಲ ಕಾರುಗಳೂ ವಾಪಸ್ಸು, ಬಾಗಿಲುಗಳು ಕೆಳಕ್ಕೆ. ಈ ಮೌನ ತಡೆಯಲಾಗದೆ ನಾನು ದಿನವಿಡೀ ಟೀವಿ ಹಾಕಿಡುತ್ತಿದ್ದೆ. ಅಣ್ಣ ಮೂರು ದಿನ ಕಿಟಕಿಯಲ್ಲಿ ಕೂತು ನೋಡಿ ತೀರ್ಪು ಕೊಟ್ಟ.

"ಇದು ಊರಲ್ಲ ಕಣೇ, ಯಾರ್ಡು. ಕೆಲಸ ಮುಗಿಸಿದ ಬೋಗಿಗಳನ್ನ ಬೆಳಗಾಗೋವರೆಗೆ ನಿಲ್ಲಿಸೋ ಜಾಗ."

ನಾಲ್ಕನೆಯ ದಿನ ಕೋಟು ಹಾಕಿಕೊಂಡು ರಸ್ತೆಯ ಮೂಲೆಗೆ ಹೋಗಿ ನಿಂತ. ಕೈಯಲ್ಲಿ ಹಸಿರು ಬಾವುಟ. ಅರಿಶಿನ ಕುಂಕುಮಕ್ಕೆ ಬಂದವರಿಗೆ ಕೊಡಲೆಂದು ನಾನು ಜೋಪಾನವಾಗಿ ತಂದಿದ್ದ ರವಿಕೆ ಕಣ ಅದು. ಕಡ್ಡಿಗೆ ಸುತ್ತಿ ಹೊಲಿಗೆಯನ್ನೂ ಹಾಕಿದ್ದ.

"ಅಯ್ಯೋ ಮಾವ, ಇಲ್ಲಿ ಹಾಗೆಲ್ಲ ಮಾಡಿದ್ರೆ ನೇಬರ್ಸು ಪೊಲೀಸಿಗೆ ಫೋನ್ ಮಾಡ್ತಾರೆ" ಎಂದಳು ಮಗಳು ಸೋಫಾದಲ್ಲಿ ಮಲಗಿದ್ದಲ್ಲಿಂದಲೇ.

"ಮಾಡ್ಲಿ. ಅವರ ಗಾಡಿಗೂ ಸಿಗ್ನಲ್ ಕೊಡ್ತೀನಿ."

ಯಾರೂ ಫೋನ್ ಮಾಡಲಿಲ್ಲ. ನಾಲ್ಕನೇ ನಂಬರ್ ಮನೆಯ, ಬೆಳ್ಳಿಕೂದಲಿನ ಅಮೆರಿಕನ್ ಹೆಂಗಸು ಮಾತ್ರ ಮೊದಮೊದಲು ಹುಬ್ಬು ಗಂಟಿಕ್ಕುತ್ತಿದ್ದಳು. ಸ್ಯಾನ್ ಫ್ರಾನ್ಸಿಸ್ಕೋದ ಯಾವುದೋ ಡಾಟ್‌ಕಾಂ ಕಂಪನಿಯಲ್ಲಿ ಅವಳಿಗೆ ಕೆಲಸ, ಒಂಟಿ ಜೀವ. ಎರಡನೇ ವಾರ ಕಾರು ನಿಲ್ಲಿಸಿ ಗಾಜಿಳಿಸಿದಳು.

"ಆಮ್ ಐ ಲೇಟ್?"

"ಟೂ ಮಿನಿಟ್ಸ್, ಮೇಡಂ. ರೀಸನ್ ಪ್ಲೀಸ್?"

"ಮೈ ಕ್ಯಾಟ್."

ಅಣ್ಣ ಗಂಭೀರವಾಗಿ ಬರೆದುಕೊಂಡ. ಗಾರ್ಡ್ ಆದವನು ಪ್ರತಿ ಗಾಡಿ ಹೊರಟ ವೇಳೆ, ಆದ ತಡ, ತಡಕ್ಕೆ ಕಾರಣ, ಅದು ಯಾರ ತಪ್ಪು ಎಂಬುದನ್ನೆಲ್ಲ ಜರ್ನಲ್ಲಿನಲ್ಲಿ ಬರೆಯಬೇಕಂತೆ. ಜೇಬಿನಲ್ಲೊಂದು ರಫ್ ಪುಸ್ತಕ ಇಟ್ಟುಕೊಂಡಿದ್ದ. ಸಂಜೆ ನನ್ನ ಮುಂದೆ ಹಿಡಿದ. "ಕಾನ್ವೆಂಟಮ್ಮ, ನಿನ್ನ ಮುತ್ತಿನಂಥ ಅಕ್ಷರದಲ್ಲಿ ಇದನ್ನ ಫೇರ್ ಮಾಡಿಕೊಡೆ."

ನೋಡಿದೆ. "ನಂ. ೪. ತಡ ೨ ನಿಮಿಷ. ಹಳಿ ಮೇಲೆ ಬೆಕ್ಕು. ಡ್ರೈವರ್ ತಪ್ಪಲ್ಲ."

"ನಾನೇನು ನಿನ್ನ ಕ್ಲರ್ಕಾ? ಸುಮ್ಮನಿರಣ್ಣ, ಇಟ್ ಈಸ್ ಸೋ ಸಿಲ್ಲಿ" ಎಂದೆ. ಅವನೇನೂ ಬೇಸರಪಟ್ಟುಕೊಳ್ಳಲಿಲ್ಲ. ಇನ್ನೊಂದು ನೋಟ್‌ಬುಕ್ ತಂದು, ದಿನಾ ಸಂಜೆ ತಾನೇ ನಕಲು ಮಾಡಿ, ಟೆಲಿಫೋನಿನ ಕೆಳಗೆ ಇಡತೊಡಗಿದ. ನಾನದನ್ನು ತೆರೆದೂ ನೋಡಲಿಲ್ಲ.

ನಮ್ಮ ಮನೆಯ ಕಾರು ನಂಬರ್ ಒನ್. ಏಳು ಹನ್ನೆರಡಕ್ಕೆ ಹೊರಡಬೇಕು. ಅದನ್ನು ಓಡಿಸುತ್ತಿದ್ದ ಅಳಿಯ ಹಾಸನದ ಕಡೆಯವನು, ಮಾತು ಕಮ್ಮಿ, ನಗುವೂ ಅಳತೆಯದ್ದೇ. ಅವನಿಗೆ ಅಣ್ಣ ವಿಶೇಷ ಪಾಠ ಮಾಡಿದ್ದ. "ನೋಡಪ್ಪ, ಗಾಡಿ ಹೊರಟ ಮೇಲೆ ಡ್ರೈವರ್ ಒಂದು ಸಲ ಹಿಂತಿರುಗಿ ನೋಡಿ ಕೈ ಎತ್ತಬೇಕು. ಹಿಂದಿನಿಂದ ಗಾರ್ಡ್ ಬಾವುಟ ಎತ್ತಬೇಕು. ಇದಕ್ಕೆ ಆಲ್‌ರೈಟ್ ಅಂತಾರೆ. ಇಬ್ಬರಿಗೂ ಒಬ್ಬರಿಗೊಬ್ಬರು ಕಂಡರೆ ಗಾಡಿ ಪೂರ್ತಿ ಸರಿಯಾಗಿದೆ ಅಂತ ಅರ್ಥ." ಪಾಪ, ಅಳಿಯ ದಿನಾ ತಿರುವಿನಲ್ಲಿ ಬ್ರೇಕು ತುಳಿದು, ಕಿಟಕಿಯಿಂದ ಕೈ ಹೊರಗೆ ಹಾಕಿ ಎತ್ತಿ ಹೋಗುತ್ತಿದ್ದ.

ಅಷ್ಟರಲ್ಲಿ ಡಾಟ್‌ಕಾಂ ಗುಳ್ಳೆ ಒಡೆದು, ಇಂಟರ್ನೆಟ್ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದವು. ಟೀವಿಯಲ್ಲಿ ಅದನ್ನು ಗ್ರಾಫು ಹಾಕಿ ತೋರಿಸುತ್ತಿದ್ದರು. ನಮ್ಮ ರಸ್ತೆಯಲ್ಲಿ ಅದು ಮೇಲೇಳದ ಗ್ಯಾರೇಜು ಬಾಗಿಲುಗಳಾಗಿ ಕಂಡಿತು. ಎಲ್ಲರಿಗಿಂತ ಮುಂಚೆ ತಿಳಿದದ್ದು ಅಣ್ಣನಿಗೆ. ಒಂಬತ್ತನೇ ನಂಬರ್ ಕ್ಯಾನ್ಸಲ್ ಆಯಿತು, ಆಮೇಲೆ ಹನ್ನೊಂದನೆಯದು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಇವತ್ತು ನಾಲ್ಕನೇ ನಂಬರೂ ಹೊರಡಲಿಲ್ಲ" ಎಂದ.

ಮಗಳು ಧಡಕ್ಕನೆ ಎದ್ದು ಕೂತಳು. "ಮಾವ, ಪ್ಲೀಸ್, ಇದನ್ನೆಲ್ಲ ಎಣಿಸಬೇಡಿ. ಮನೆಮನೇಲೂ ಲೇ ಆಫ್ ನಡೀತಿದೆ. ಇವರ ಕೆಲಸ ಹೋದ್ರೆ ವೀಸಾನೂ ಹೋದಂಗೆ. ಮಗೂನ ಕಂಕುಳಲ್ಲಿ ಇಟ್ಕೊಂಡು ಮನೆ ಖಾಲಿ ಮಾಡಬೇಕು. ನನಗೆ ದಿನಾ ಅದೇ ಕನಸು."

ಅಣ್ಣ ಲೋಟ ಕೆಳಗಿಟ್ಟ. ಅವತ್ತಿನಿಂದ ಮನೆಯಲ್ಲಿ ಗಾಡಿಗಳ ಸುದ್ದಿ ಎತ್ತಲಿಲ್ಲ. ಮೂಲೆಯಲ್ಲಿ ನಿಲ್ಲುವುದನ್ನು ಮಾತ್ರ ಬಿಡಲಿಲ್ಲ. ಬೆಳ್ಳಿಕೂದಲಿನಾಕೆ ಸ್ಲಿಪ್ಪರ್ ಹಾಕಿಕೊಂಡು ಪೇಪರ್ ಎತ್ತಿಕೊಳ್ಳಲು ಹೊರಗೆ ಬಂದರೆ, ಇವನು ಬಾವುಟವನ್ನು ಕೋಟಿನೊಳಗೆ ಸೇರಿಸಿ, ಬೆನ್ನು ತಿರುಗಿಸಿ, ಗುಡ್ಡ ನೋಡುತ್ತಾ ನಿಲ್ಲುತ್ತಿದ್ದ.

ಒಂದು ಗುರುವಾರ, ಅಳಿಯ ಕಾರಿನ ಬಾಗಿಲು ತೆಗೆಯುವ ಹೊತ್ತಿಗೆ ಅಣ್ಣ ಬೂಟು ಹಾಕಿಕೊಂಡು ಇನ್ನೊಂದು ಬಾಗಿಲ ಬಳಿ ನಿಂತಿದ್ದ.

"ನಾನೂ ಬರ್ತೀನಿ. ಫ್ರೀವೇಲಿ ವಜ್ರದ ಗುರುತಿನ ಲೇನ್ ಇದೆಯಲ್ಲ, ಕಾರ್‌ಪೂಲಿಂದು, ಅದಕ್ಕೆ ಇಬ್ಬರು ಬೇಕಂತೆ. ನಿನಗೆ ಇಪ್ಪತ್ತು ನಿಮಿಷ ಉಳಿಯುತ್ತೆ."

ಅಳಿಯನ ಮುಖ ಸುಣ್ಣದ ಗೋಡೆಯ ಹಾಗಾಯಿತು. "ಮಾವ, ನಾನು ಆಫೀಸಲ್ಲಿ... ನೀವು ಇಡೀ ದಿನ ಏನು ಮಾಡ್ತೀರಿ?"

"ಹತ್ತಿರದಲ್ಲಿ ಲೈಬ್ರರಿ ಇರಬೇಕಲ್ಲ. ಕೂತಿರ್ತೀನಿ."

ನನಗೆ ತಲೆತಗ್ಗಿಸುವಂತಾಯಿತು. "ಅಣ್ಣ, ವಯಸ್ಸಾದ ಮೇಲೆ ಸ್ವಲ್ಪ ಡಿಗ್ನಿಟಿ ಬೇಕು. ಅವನ ಪ್ರಾಣ ಯಾಕೆ ತಿಂತೀಯ?"

"ಬಾವುಟ ತೋರಿಸಿ ನಿಂತಲ್ಲೇ ನಿಲ್ಲೋನು ಸ್ಟೇಷನ್ ಮಾಸ್ಟರ್ ಕಣೇ. ನಾನು ಗಾರ್ಡು. ಗಾರ್ಡ್ ಆದವನು ಗಾಡಿ ಹತ್ತಬೇಕು" ಎಂದವನೇ ಹತ್ತಿ ಕೂತ.

ಅಲ್ಲಿಂದ ಏಳು ವಾರ ದಿನಾ ಅದೇ ನಾಟಕ. ನಾನು ಎರಡು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ ಕಟ್ಟುವುದು. ಸಂಜೆ ಐದೂ ನಲವತ್ತಕ್ಕೆ ಇಬ್ಬರೂ ಖಾಲಿ ಡಬ್ಬಿ ಹಿಡಿದು ಬರುವುದು. ನಾನೂ ಮಗಳೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು, ಅವಳು ಹುಷಾರಾಗಿ. "ಮೀಟಿಂಗಲ್ಲೂ ಮಾವ ಬಾವುಟ ಎತ್ತಬಹುದಾ ಅಮ್ಮಾ?" ಎನ್ನುತ್ತಿದ್ದಳು. ಮನಸ್ಸು ತಡೆಯದೆ ಒಂದು ದಿನ ನಾನು ಅಳಿಯನಿಗೆ, "ಏನೂ ತಿಳ್ಕೋಬೇಡಪ್ಪ, ಅವನ ಸ್ವಭಾವವೇ ಹಾಗೆ" ಎಂದು ಕ್ಷಮೆ ಕೇಳಿದೆ. ಅವನು ಬೂಟಿನ ದಾರ ಬಿಚ್ಚುತ್ತಾ ತಲೆ ಎತ್ತದೆ, "ಮಾವ ಇಲ್ಲದಿದ್ರೆ ದಾರಿ ಸಾಗಲ್ಲ ಅತ್ತೆ" ಎಂದ. ಕಾರ್‌ಪೂಲ್ ಲೇನಿನಿಂದ ನಿಜಕ್ಕೂ ಅಷ್ಟು ಅನುಕೂಲವೇ ಎಂದು ನಾನು ಆಶ್ಚರ್ಯಪಟ್ಟೆ. ಕಾನ್ವೆಂಟಿನಲ್ಲಿ ಅಕ್ಷರ ಕಲಿಸುತ್ತಾರೆ, ಬುದ್ಧಿ ಕಲಿಸುವುದಿಲ್ಲ.

ಡಾಕ್ಟರು ಹೇಳಿದ್ದ ದಿನಕ್ಕಿಂತ ಎರಡು ವಾರ ಮುಂಚೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಮಗಳಿಗೆ ನೋವು ಶುರುವಾಯಿತು. ತನ್ನ ಸೆಲ್‌ಫೋನು ರಿಪೇರಿಗೆ ಹೋಗಿದೆ ಎಂದು ಅಳಿಯ ಬಹಳ ದಿನದಿಂದ ಹೇಳುತ್ತಿದ್ದ. ನಾನು ಆಫೀಸಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ತುಂಬ ಮೃದುವಾಗಿಯೇ ಹೇಳಿದಳು: ಅವರು ಈಗ ಇಲ್ಲಿ ಕೆಲಸ ಮಾಡುತ್ತಿಲ್ಲ ಮ್ಯಾಮ್, ಎರಡು ತಿಂಗಳಾಯಿತು.

ಫೋನ್ ಇಟ್ಟೆ. ಫೋನಿನ ಕೆಳಗೆ ಅಣ್ಣನ ನೋಟ್‌ಬುಕ್ಕು. ಮೊದಲ ಸಲ ತೆರೆದೆ.

"ನಂ. ೧. ೭.೧೨. ರೈಟ್ ಟೈಮ್. ಡ್ರೈವರ್ ಹಿಂತಿರುಗಿ ನೋಡಲಿಲ್ಲ. ಮೂರನೇ ದಿನ." ಅದು ಬುಧವಾರದ್ದು. ಗುರುವಾರ: "ನಂ. ೧. ಗಾರ್ಡ್ ಗಾಡಿಯಲ್ಲಿ. ಫ್ರೀವೇಗೆ ಹೋಗಲಿಲ್ಲ. ಬಾತುಕೋಳಿ ಕೊಳದ ಪಾರ್ಕ್. ಡ್ರೈವರ್ ಎಲ್ಲ ಹೇಳಿದ. ಹೆರಿಗೆಯಾಗುವ ತನಕ ಮನೆಯಲ್ಲಿ ಹೇಳತಕ್ಕದ್ದಲ್ಲ." ಆಮೇಲೆ ದಿನಾ ಅದೇ ಪಾರ್ಕು, ಮೂರನೇ ಬೆಂಚು. "ಅರ್ಜಿ ಐದು." "ಪಾರ್ಕಿನ ಬೂತಿನಿಂದ ಫೋನು ಎರಡು. ಎರಡೂ ಇಲ್ಲ ಎಂದರು." "ಇಂಟರ್ವ್ಯೂ, ಹೇವರ್ಡ್. ಟೈ ನಾನು ಸರಿಮಾಡಿದೆ." ಒಂದು ಸೋಮವಾರದ್ದು ಹೀಗಿತ್ತು: "ತಡ ೪೦ ನಿಮಿಷ. ಕಾರಣ: ಡ್ರೈವರ್ ಅತ್ತ. ಡ್ರೈವರ್ ತಪ್ಪಲ್ಲ."

ನಾನು ಪುಸ್ತಕ ಕೈಯಲ್ಲಿ ಹಿಡಿದೇ, ಚಪ್ಪಲಿ ಕೂಡ ಹಾಕಿಕೊಳ್ಳದೆ ನಾಲ್ಕನೇ ನಂಬರಿಗೆ ಓಡಿದೆ. ಅವಳು ಪ್ರಶ್ನೆ ಕೇಳಲಿಲ್ಲ. ವಾರಗಟ್ಟಲೆ ಏಳದ ಗ್ಯಾರೇಜು ಬಾಗಿಲು ಎದ್ದಿತು. ಮಗಳನ್ನು ಹಿಂದಿನ ಸೀಟಿನಲ್ಲಿ ಒರಗಿಸಿ ಹೊರಟೆವು. ಪಾರ್ಕು ಆಸ್ಪತ್ರೆಯ ದಾರಿಯಲ್ಲೇ ಇತ್ತು. ಮೂರನೇ ಬೆಂಚಿನ ಮೇಲೆ ಟೈ ಕಟ್ಟಿದ ಅಳಿಯ, ಪಕ್ಕದಲ್ಲಿ ಕೋಟು ತೊಟ್ಟ ಅಣ್ಣ, ಇಬ್ಬರ ನಡುವೆ ನನ್ನ ಚಿತ್ರಾನ್ನದ ಡಬ್ಬಿ. ನಾಲ್ಕನೇ ನಂಬರ್ ಬರುವುದನ್ನು ಕಂಡು ಅಣ್ಣ ಎದ್ದುನಿಂತ. ಮೊದಲು ವಾಚು ನೋಡಿದ, ಆಮೇಲೆ ನಮ್ಮನ್ನು.

ಅಳಿಯ ನನ್ನ ಕೈಯಲ್ಲಿದ್ದ ನೋಟ್‌ಬುಕ್ಕನ್ನು ನೋಡಿ ಕಂಬದಂತೆ ನಿಂತ. "ಹತ್ತಪ್ಪ" ಎಂದೆ ಅಷ್ಟೆ.

"ನೀವಿಲ್ಲಿ ಏನ್ ಮಾಡ್ತಿದ್ದೀರಿ?" ಎಂದಳು ಮಗಳು ನೋವಿನ ನಡುವೆ.

"ಹೇಳ್ತೀನಿ" ಎಂದು ಅಳಿಯ ಹತ್ತಿ ಕೂತು ಅವಳ ಕೈ ಹಿಡಿದುಕೊಂಡ.

ಅಣ್ಣನಿಗೆ ಕಾರಿನಲ್ಲಿ ಜಾಗವಿರಲಿಲ್ಲ, ಅಲ್ಲೇ ನಿಂತಿದ್ದ ಅಳಿಯನ ಕಾರು ಓಡಿಸಲು ಬರುತ್ತಿರಲಿಲ್ಲ. ಕೊಳದ ದಂಡೆಯಲ್ಲಿ ನಿಂತು, ಒಳಜೇಬಿನಿಂದ ನನ್ನ ರವಿಕೆ ಕಣ ತೆಗೆದು, ಎತ್ತಿ ಹಿಡಿದ. ಆಮೇಲೆ, ಯಾರೂ ನಡೆಯದ ಆ ಊರಿನಲ್ಲಿ ಎರಡು ಮೈಲಿ ನಡೆದುಕೊಂಡೇ ಮನೆ ಸೇರಿದನಂತೆ. ಪುಸ್ತಕದಲ್ಲಿ ಆ ದಿನದ್ದು ಒಂದೇ ಸಾಲು: "ನಂ. ೪ ಸ್ಪೆಷಲ್. ತಡ ಇಲ್ಲ."

ಮೊಮ್ಮಗಳು ಹುಟ್ಟಿದಳು. ಮಾರನೆಯ ದಿನ ಅಳಿಯ ಎಲ್ಲ ಹೇಳಿದ. ಮಗಳು ಅತ್ತಳು, ಬೈದಳು. ಕೆಲಸ ಹೋದದ್ದಕ್ಕಲ್ಲ. "ಆ ಚಳಿಯಲ್ಲಿ ಕೂತು ತಣ್ಣಗಿನ ಚಿತ್ರಾನ್ನ ತಿಂದ್ರಾ? ಇಬ್ಬರೂ?" ಎಂದು ಕೇಳಿದ್ದನ್ನೇ ಕೇಳಿದಳು.

ಇಪ್ಪತ್ತು ದಿನದ ಮೇಲೆ, ಅವನು ಇಂಟರ್ವ್ಯೂಗೆ ಹೋಗಿದ್ದ ಹತ್ತಿರದ ಊರು ಹೇವರ್ಡಿನಿಂದ ಕರೆ ಬಂತು. ದೊಡ್ಡ ಕಂಪನಿಯಲ್ಲ, ಉಗ್ರಾಣಗಳ ಸಾಲಿನ ನಡುವೆ ಒಂದು ಸಣ್ಣ ಆಫೀಸು. ವೀಸಾದ ಕಾಗದಗಳನ್ನು ತಾವೇ ನೋಡಿಕೊಳ್ಳುತ್ತೇವೆಂದು ಒಪ್ಪಿದ್ದರು. ಮೊದಲ ದಿನ ಅಳಿಯ ಅಭ್ಯಾಸಬಲದಿಂದ ಅಣ್ಣನ ಕಡೆಯ ಬಾಗಿಲನ್ನೂ ತೆಗೆದ. ಅಣ್ಣ ಅದನ್ನು ಮೆಲ್ಲಗೆ ಮುಚ್ಚಿದ.

"ಬೇಡಪ್ಪ. ನನ್ನ ಪಾಲಿನ ದಾರಿ, ನನ್ನ ಸೆಕ್ಷನ್, ಇಲ್ಲಿಗೆ ಮುಗೀತು. ಇನ್ನು ನೀನು ಹೋಗು."

ಮಗುವನ್ನು ಮಗಳ ಕೈಗೆ ಕೊಟ್ಟು ನಾನೂ ಅವನ ಪಕ್ಕ ಮೂಲೆಯಲ್ಲಿ ನಿಂತೆ. ಕಾರು ತಿರುವಿನವರೆಗೆ ಹೋಯಿತು, ನಿಧಾನವಾಯಿತು, ಕಿಟಕಿಯಿಂದ ಕೈಯೊಂದು ಹೊರಬಂದು ಮೇಲೆದ್ದಿತು. ಅಣ್ಣ ಬಾವುಟ ಎತ್ತಿದ. ಕಾರು ಕಣ್ಮರೆಯಾದ ಮೇಲೂ ಇಳಿಸಲಿಲ್ಲ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡ, ಹಾಕಿಕೊಂಡ, ಮತ್ತೆ ತೆಗೆದ. ಪುಸ್ತಕವನ್ನೂ ಪೆನ್ಸಿಲನ್ನೂ ನನ್ನ ಕಡೆ ಚಾಚಿದ.

"ನೀನೇ ಬರೆಯೇ. ನನಗೆ ಸರಿಯಾಗಿ ಕಾಣ್ತಿಲ್ಲ."

ಈಗ ಅಣ್ಣ ಇಲ್ಲ. ಪುಸ್ತಕ ನನ್ನ ಬಳಿ ಇದೆ. ಪುಟಪುಟವೂ ಅಲುಗಾಡುವ ಅವನ ಅಕ್ಷರ, ಕೊನೆಯ ಸಾಲು ಮಾತ್ರ ಸಿಸ್ಟರುಗಳು ಕಲಿಸಿದ ದುಂಡನೆಯ ಅಕ್ಷರದಲ್ಲಿದೆ. "ನಂ. ೧. ೭.೧೨. ರೈಟ್ ಟೈಮ್. ಆಲ್‌ರೈಟ್." ಆ ಸಾಲಿನಲ್ಲೂ ಅಕ್ಷರ ಸ್ವಲ್ಪ ಅಲುಗಾಡಿದೆ.