ಇಂಗ್ಲಿಷ್ ಅಕ್ಷರದ ಹಲ್ಲು

ಮಾಡಿದ ತಪ್ಪನ್ನು ಒಪ್ಪಿಕೊಳ್ಳುವ ಮುಂಚೆ ಅದನ್ನು ಬೇರೆ ಯಾರ ಮೇಲಾದರೂ ಹೊರಿಸಿ ನೋಡುವುದು ನನ್ನ ಹಳೆಯ ಅಭ್ಯಾಸ. ಈ ಸಲ ಸಿಕ್ಕಿದ್ದು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳು. ಅವು ಇಂಗ್ಲಿಷಿಗೇ ಸರಿಯಾಗಿ ಹೊಂದುವುದಿಲ್ಲವೆಂದು, ಹೈಸ್ಕೂಲಿನಲ್ಲಿ ಸ್ಪೆಲ್ಲಿಂಗಿಗಾಗಿ ಏಟು ತಿಂದ ನಾನು ಬಲ್ಲೆ. ಇನ್ನು ಕನ್ನಡಕ್ಕೆ ಹೇಗೆ ಹೊಂದಿಯಾವು? ಮೊಬೈಲಿನಲ್ಲಿ ಆ ಅಕ್ಷರ ಒತ್ತಿ ಬರೆದರೆ ಹಾಲೂ ಹಾಳೂ ಒಂದೇ. ಬಲೆ, ಬಳೆ, ಬಾಳೆ ಮೂರೂ ಒಂದೇ. ತೆಲುಗಿನ ಗತಿಯೂ ಅಷ್ಟೆ. ಗೌನಿಪಲ್ಲಿಯ ನಮ್ಮ ಬೀಗರು ಒಮ್ಮೆ ತಮ್ಮ ತೆಲುಗಿನಲ್ಲಿ ನೋವೆಂದು ಬರೆದರು. ತೆಲುಗಿನಲ್ಲಿ ಕಣ್ಣುಗಳು ಕಳ್ಳು, ಕಾಲುಗಳು ಕಾಳ್ಳು; ಇಂಗ್ಲಿಷ್ ಅಕ್ಷರದಲ್ಲಿ ಎರಡಕ್ಕೂ ಅವರದು ಒಂದೇ ಸ್ಪೆಲ್ಲಿಂಗ್. ಮೊಬೈಲ್ ನೋಡುವುದನ್ನು ಬಿಡಿ ಎಂದು ನಾನು ಸಲಹೆ ಕೊಟ್ಟೆ. ಪಾಪ, ಅವರು ಮೊಬೈಲನ್ನೂ ಬಿಟ್ಟು ಒಂದು ವಾರ ಕುಂಟಿದರು.

ಆ ಅಕ್ಷರಗಳ ಜೊತೆ ಸುಖವಾಗಿರುವವನು ದಸ್ತಗೀರ್ ಒಬ್ಬನೇ. ಮುಳಬಾಗಿಲಿನಲ್ಲಿ ಟ್ರ್ಯಾಕ್ಟರ್ ಸೀಟು ಹೊಲಿಯುತ್ತಾನೆ. ನನ್ನ ಜೊತೆ ಕನ್ನಡ ಶಾಲೆಯಲ್ಲಿ ಓದಿದವನು. ಮನೆಮಾತು ದಖನಿ ಉರ್ದು. ಕನ್ನಡವನ್ನೂ ದಖನಿಯನ್ನೂ ಕಲಸಿ ಇಂಗ್ಲಿಷ್ ಅಕ್ಷರದಲ್ಲಿ ಕಳಿಸುತ್ತಾನೆ. "ಕನ್ನಡ ಕೀಬೋರ್ಡಲ್ಲಿ ಅಕ್ಷರ ಜಾಸ್ತಿ ಕಣೋ, ನನ್ ಬೆರಳು ಒಂದೇ ಸಲ ಮೂರು ಒತ್ತುತ್ತೆ" ಎನ್ನುತ್ತಾನೆ.

ಕೋಲಾರದಲ್ಲಿ ಹೊಸ ಹಲ್ಲುಸೆಟ್ಟು ಮಾಡಿಸಿಕೊಂಡ ವಾರವೇ ನಾನು ಅದನ್ನು ಮುಳಬಾಗಿಲಿನ ಹೋಟೆಲಿನ ಮೇಜಿನ ಮೇಲೆ ಮರೆತು ಬಂದೆ. ತಿರುಗಿ ಹೋಗುವವರೆಗೆ ದಸ್ತಗೀರ್ ಅದಕ್ಕೆ ಕರ್ಚೀಫು ಮುಚ್ಚಿ ಕಾವಲು ಕೂತಿದ್ದ. "ಏನ್ಲಾ, ಬಾಯಿ ಇಲ್ಲೇ ಬಿಟ್ಟೋಗಿದ್ದೀಯ" ಎಂದ. ಹೋಟೆಲೆಲ್ಲ ನಕ್ಕಿತು. ಮರುದಿನ ಅವನ ಮೊಮ್ಮಗಳ ಮದುವೆ ಕಾರ್ಡಿನ ಕನ್ನಡ ತಿದ್ದಿಕೊಡಲು ಅದೇ ಹೋಟೆಲಿಗೆ ಬರುತ್ತೇನೆಂದು ಒಪ್ಪಿದ್ದೆ. ಬೆಳಿಗ್ಗೆ ಮಂಡಿ ಹಿಡಿದುಕೊಂಡಿತು. ಮಂಡಿ ನೋವು, ತಡವಾಗುತ್ತೆ ಎಂದು ಮೆಸೇಜು ಹಾಕಿದೆ. ಉತ್ತರ ಬಂತು: ಎಚ್, ಎ, ಎರಡು ಎಲ್, ಯು, ಮತ್ತೊಮ್ಮೆ ಅದೇ. ಹಲ್ಲು ಹಲ್ಲು, ನಾನು ಕಾಯ್ತೀನಿ.

ನಾನು ಮಂಡಿಯ ಕಷ್ಟ ಹೇಳಿದರೆ ಇವನು ಇನ್ನೂ ಹಲ್ಲು ಕಾಯುತ್ತಿದ್ದಾನೆ! ತಾಯಲೂರಿನ ಕಡೆ ಮೂವತ್ತು ವರ್ಷ ಅಂಚೆ ಹಂಚಿ, ಯಾರಿಗೂ ಓದಲಾಗದ ವಿಳಾಸ ಓದಿದವನು ನಾನು; ಎರಡನೇ ಸಲ ಓದುವ ಅಗತ್ಯ ಕಾಣಲಿಲ್ಲ. ಹೋಗಲಿಲ್ಲ. ಫೋನೂ ಎತ್ತಲಿಲ್ಲ. ಮೂರು ವಾರ ಹೀಗೆ ಬಿಗಿದುಕೊಂಡಿದ್ದೆ. ಕೊನೆಗೆ ನನ್ನ ಹೆಂಡತಿ ಸರೋಜ, "ಅಂಥಾದ್ದೇನು ಬರೆದವ್ರೆ, ತೋರ್ಸಿ" ಎಂದು ಮೊಬೈಲ್ ಕಿತ್ತುಕೊಂಡು ಜೋರಾಗಿ ಓದಿದಳು.

"ಅಲ್ರೀ, ಹಲ್ಲೂ ಹಲ್ಲೂ ಅಂದ್ರೆ ಅವ್ರ ಮಾತಲ್ಲಿ ಮೆಲ್ಲಗೆ ಮೆಲ್ಲಗೆ ಅಂತ. ಮಂಡಿ ನೋವು ಅಂದ್ರಿ, ಮೆಲ್ಲಗೆ ಬಾ, ಕಾಯ್ತೀನಿ ಅಂದವ್ರೆ. ಅವ್ರ ಮನೆ ಮಕ್ಳು ನಡಿಯೋದು ಕಲಿಯೋವಾಗ ಎಷ್ಟು ಸಲ ಕೇಳಿಲ್ಲ ನೀವು?"

ಕೇಳಿದ್ದೆ. ಅಕ್ಷರದಲ್ಲಿ ಕೊರತೆಯಿದ್ದದ್ದು ನಿಜ. ಆ ಕೊರತೆಯೊಳಗೆ ಕುಹಕ ತುಂಬಿದವನು ನಾನು. ಆಗಲೇ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ದಸ್ತಗೀರ್ ಸೂಜಿ ಕೆಳಗಿಟ್ಟ. ನಗಲಿಲ್ಲ.

"ಆವತ್ತು ಮಧ್ಯಾಹ್ನದ ನಮಾಜಿನ ತನಕ ಕೂತಿದ್ದೆ ಕಣೋ. ಆಮೇಲೆ ಬಸ್‌ಸ್ಟ್ಯಾಂಡಲ್ಲಿ ನಿನ್ನ ನೋಡ್ದೆ, ನೀನು ಮುಖ ತಿರುಗಿಸ್ಕೊಂಡೋದೆ."

"ಕಾರ್ಡು ಅಚ್ಚಾಯ್ತೇನೋ?"

"ಪ್ರೆಸ್ಸಿನವನು ದಿನಾ ಬೈತಾವ್ನೆ. ನೀನು ನೋಡ್ದೆ ಹೆಂಗ್ ಹಾಕ್ಸಲಿ?"

ಹೊಲಿಗೆ ಯಂತ್ರದ ಡ್ರಾಯರಿನಿಂದ ಹಾಳೆ ತೆಗೆದು ಕೊಟ್ಟ. ಅವನೇ ಪೆನ್ನಿನಲ್ಲಿ ಬರೆದ ಕನ್ನಡ. ಮೂರು ಸಲ ಓದಿದೆ. ಒಂದು ದೀರ್ಘ ತಪ್ಪಿಲ್ಲ, ಒಂದು ಒತ್ತು ತಪ್ಪಿಲ್ಲ. ಳ, ಣ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹಾಗೇ ವಾಪಸು ಕೊಡಲು ಮನಸ್ಸಾಗಲಿಲ್ಲ. ಮೊಮ್ಮಗಳ ಹೆಸರಿನ ಮುಂದೆ ಒಂದು ಅಲ್ಪವಿರಾಮ ಹಾಕಿ, "ಈಗ ಸರಿಯಾಯ್ತು" ಎಂದೆ.

"ನೋಡ್ದಾ, ನಾನ್ ಹೇಳ್ಲಿಲ್ವಾ" ಎಂದು ಅವನು ಖುಷಿಯಿಂದ ಹಾಳೆ ಮಡಿಸಿಕೊಂಡ. ಈಗ ಆ ಕಾರ್ಡು ಮಾಲೂರಿನವರೆಗೂ ನೆಂಟರಿಷ್ಟರ ಮನೆ ಸೇರಿದೆ. ಅಲ್ಪವಿರಾಮ ಅಲ್ಲಿ ಬೇಕಿರಲಿಲ್ಲ.